ಹೂಂ ಅನ್ನದ ಭಾಷೆ

ಲೋಕಕ್ಕೆಲ್ಲ ಒಂದೇ ಭಾಷೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಮೊದಲು ಕೇಳಿದ್ದು ನಮ್ಮಜ್ಜಿ ಅಕ್ಕಯಮ್ಮನನ್ನು. ಆಗ ನನಗೆ ಏಳು ವರ್ಷ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ, "ಏನಾಯ್ತದೆ? ಯಾರು ಯಾರನ್ನ ಬೈದ್ರೂ ಎಲ್ಲಾರ್ಗೂ ಅರ್ಥ ಆಯ್ತದೆ, ಅಷ್ಟೆ" ಅಂದಳು.

ಇಪ್ಪತ್ತೊಂದು ವರ್ಷಗಳ ಮೇಲೆ ಅಂಥದೊಂದು ಭಾಷೆಯನ್ನು ಕಟ್ಟುವ ಹನ್ನೊಂದು ಜನರಲ್ಲಿ ನಾನೂ ಒಬ್ಬಳಾದೆ. ಭಾಷೆಯ ಹೆಸರು ಮಿತೋರ. ಅಜ್ಜಿಯ ಬಾಯಲ್ಲಿ ಅದು ಮೊದಲ ದಿನವೇ ಮುತ್ತೂರು ಭಾಷೆಯಾಯಿತು. ಆಮೇಲೆ ಯಾರು ತಿದ್ದಿದರೂ ಅವಳು ಬದಲಾಯಿಸಲಿಲ್ಲ.

ನಮ್ಮದು ಕೋಲಾರದ ಚಿನ್ನದ ಗಣಿಯ ಊರು. ಗಣಿ ಮುಚ್ಚಿ ಎಷ್ಟೋ ಕಾಲವಾಗಿದೆ. ಅದಿರು ಅರೆದು ಬಿಸಾಡಿದ ಪುಡಿಯ ಬೂದು ಗುಡ್ಡಗಳು ಉಳಿದಿವೆ, ಶಾಫ್ಟಿನ ಬಾಯಿಯ ಮೇಲೆ ಕಬ್ಬಿಣದ ಗೋಪುರ ಉಳಿದಿದೆ, ಎರಡು ಮೈಲಿ ಆಳದ ಕತ್ತಲು ಉಳಿದಿದೆ. ಆ ಕತ್ತಲಿಗಾಗಿಯೇ ಮಿತೋರದ ಪ್ರಯೋಗಶಾಲೆ ನಮ್ಮೂರಿಗೆ ಬಂತು. ತಂತಿ ಹರಿದುಹೋದ ಸುರಂಗದಿಂದ, ಕಲ್ಲು ಕುಸಿದು ಬಾಯಿ ಮುಚ್ಚಿದ ಗಣಿಯಿಂದ, ಸಮುದ್ರದ ತಳದಿಂದ ಮನುಷ್ಯರು ಮಾತಾಡಬೇಕು, ಮೇಲಿರುವವರು ಯಾವ ದೇಶದವರಾದರೂ ಅರ್ಥವಾಗಬೇಕು. ಯೋಜನೆಯ ಕನಸು ಅಷ್ಟು. ಅಲ್ಲಿ ಗೆದ್ದರೆ ವಿಮಾನ ನಿಲ್ದಾಣಕ್ಕೆ, ಆಸ್ಪತ್ರೆಗೆ, ಸಂತೆಗೆ, ಶಾಲೆಗೆ ತಾನಾಗಿಯೇ ಹರಡುತ್ತದೆ ಎಂದು ನಾವೆಲ್ಲ ನಂಬಿದ್ದೆವು. ನಾನಂತೂ ನಂಬಿದ್ದೆ. ಬಂದರಿನಲ್ಲಿ ನಿಂತ ಹುಡುಗಿಯೊಬ್ಬಳು ಪರದೇಶದ ಹಡಗಿನವನಿಗೆ "ನಿಮ್ಮೂರಲ್ಲಿ ಈಗ ಯಾವ ಹೂ ಬಿಟ್ಟಿದೆ?" ಎಂದು ಕೇಳುವುದನ್ನು ಬಸ್ಸಿನ ಕಿಟಕಿಗೆ ತಲೆಯಾನಿಸಿ ಎಷ್ಟು ಸಲ ಕಂಡಿದ್ದೇನೋ.

ಕಲ್ಲನ್ನು ಸಾಮಾನ್ಯ ರೇಡಿಯೋ ದಾಟಲಾರದು. ತೀರ ನಿಧಾನವಾಗಿ ಅಲುಗುವ ಕಾಂತದ ಅಲೆ ದಾಟುತ್ತದೆ. ಅದರ ಮೇಲೆ ದನಿಯನ್ನು ಹೇರಲು ಆಗುವುದಿಲ್ಲ, ಅಂಕಿಯನ್ನು ಹೇರಬಹುದು. ಹಾಗಾಗಿ ಮಿತೋರಕ್ಕೆ ಒಂಬೈನೂರೇ ಪದ, ಪ್ರತಿ ಪದಕ್ಕೂ ಒಂದು ಅಂಕಿ. ಬಾಯಿಯ ಹತ್ತಿರದ ಯಂತ್ರ ಪದವನ್ನು ಗುರುತಿಸಿ ಅಂಕಿ ಕಳಿಸುತ್ತದೆ, ಆಚೆಯ ಯಂತ್ರ ಅಂಕಿಯನ್ನು ಮತ್ತೆ ಪದವಾಗಿ ನುಡಿಯುತ್ತದೆ. ಸೆಕೆಂಡಿಗೆ ಒಂದು ಪದ. ಒಮ್ಮೆಗೆ ಒಂದೇ ಕಡೆಯಿಂದ ಮಾತು ಹೋಗಬಹುದು. ಹೇಳುವವರು ಮುಗಿಸಿ ಕೊನೆಗೆ "ತಾ" ಅನ್ನಬೇಕು. ಅಲ್ಲಿಯವರೆಗೆ ಕೇಳುವವರ ಬಾಗಿಲು ಮುಚ್ಚಿರುತ್ತದೆ. ಇದು ಮಿತೋರದ ನಾಲ್ಕನೆಯ ನಿಯಮ. ಕಲ್ಲಿಲ್ಲದ ಕಡೆಯ ಮಾಮೂಲಿ ಕರೆಗಳಿಗೂ ಇದೇ ನಿಯಮ.

ಕರಡು ಬರೆದವಳು ನಾನು. ಅದನ್ನು ಎದೆಗವಚಿಕೊಂಡವರು ನಮ್ಮ ಮುಖ್ಯಸ್ಥೆ ಡಾಕ್ಟರ್ ಚೂಡಾಮಣಿ.

"ಮೂವತ್ತು ವರ್ಷ ಮೀಟಿಂಗುಗಳಲ್ಲಿ ಕೂತಿದ್ದೀನಿ ಗಂಗರತ್ನ," ಎಂದಿದ್ದರು ಅವರು. "ಒಂದು ವಾಕ್ಯ ಪೂರ್ತಿ ಮುಗಿಸೋಕೆ ಯಾವ ಗಂಡಸೂ ಬಿಟ್ಟಿಲ್ಲ. ಯಾರ ಮಾತನ್ನೂ ಯಾರೂ ಕಡಿಯೋಕಾಗದ ಭಾಷೆ ಒಂದಾದ್ರೂ ಲೋಕದಲ್ಲಿ ಇರಲಿ."

ಆ ದಿನ ಅವರ ಕಾಲಿಗೆ ಬೀಳಬೇಕೆನಿಸಿತ್ತು ನನಗೆ.

*

ಮುದುಕರು ಎಷ್ಟು ಬೇಗ ಕಲಿಯುತ್ತಾರೆಂದು ನೋಡಲು ನೂರು ಜನ ಅಜ್ಜ ಅಜ್ಜಿಯರನ್ನು ಜೊತೆ ಮಾಡಿದ್ದೆವು. ನಮ್ಮಜ್ಜಿಗೆ ಸಿಕ್ಕ ಜೊತೆ ಪೆರು ದೇಶದ ಮೀನುಗಾರರ ಊರಿನ ಒಫೇಲಿಯ. ಎಪ್ಪತ್ತೊಂಬತ್ತರ ಅಕ್ಕಯಮ್ಮ ನಾಲ್ಕು ತಿಂಗಳಲ್ಲಿ ಆರುನೂರು ಪದ ಕಲಿತಿದ್ದಳು. ಗಣಿಯ ಕ್ವಾರ್ಟರ್ಸಿನಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ನಾಲ್ಕರಲ್ಲೂ ನಲ್ಲಿ ನೀರಿಗೆ ಜಗಳವಾಡಿದವಳು. ಐದನೆಯದು ಅವಳಿಗೆ ದೊಡ್ಡದಲ್ಲ.

ಆದರೆ ಕತೆ ಹೇಳು ಅಂದಾಗ ತಕರಾರು ತೆಗೆದಳು.

"ಅಗಲೊತ್ತು ಕತೆ ಯೋಳ್ಬಾರ್ದು ಕಣಮ್ಮಿ. ದಾರೀಲಿ ಓಗೋರು ದಾರಿ ತಪ್ತಾರೆ."

"ಒಫೇಲಿಯಮ್ಮನ ಊರಲ್ಲಿ ಈಗ ಕತ್ತಲೆ ಅಜ್ಜಿ. ಅವರಿಗೆ ನಿದ್ದೆ ಬರಲ್ವಂತೆ."

ಅಜ್ಜಿ ಬೆಳಗಿನ ಬಿಸಿಲನ್ನು ನೋಡಿದಳು, ಪರದೆಯ ಮೇಲಿನ ಬಿಳಿ ಜಡೆಯ ಮುದುಕಿಯನ್ನು ನೋಡಿದಳು. "ಕೇಳೋರ್ಗೆ ಕತ್ಲಾದ್ರೆ ಸಾಕು ಅನ್ಸ್ತದೆ," ಎಂದು ತೀರ್ಮಾನ ಕೊಟ್ಟು ಶುರುಮಾಡಿದಳು. ಮಿತೋರದಲ್ಲಿ ಅವಳ ಕತೆ ಹೀಗೆ ಹೊರಟಿತು: "ಒಂದು ಊರು. ಊರಿಗೆ ರಾಜ. ರಾಜನಿಗೆ ಹೆಣ್ಣು ಮಗು. ಮಗು ನಗುವುದಿಲ್ಲ..."

ಅಲ್ಲಿಗೆ ನಿಂತಿತು. ಪರದೆಯ ಮೇಲೆ ಒಫೇಲಿಯ ಅಲುಗದೆ, ಸಂತೋಷದಿಂದ, ನಿಯಮ ಹೇಳಿದಂತೆ ತುಟಿ ಮುಚ್ಚಿ ಕೂತಿದ್ದರು.

"ಮುಂದಕ್ಕೆ ಹೇಳು ಅಜ್ಜಿ."

"ಯಾರ್ಗೆ ಯೋಳ್ಳಿ? ಆ ಕಡೆ ಯಾರೂ ಇಲ್ವಲ್ಲ."

"ಕಣ್ಣೆದುರಿಗೇ ಇದ್ದಾರಲ್ಲ, ಕೇಳಿಸ್ಕೊಳ್ತಿದ್ದಾರೆ."

"ಕೇಳುಸ್ಕೊಳ್ಳೋರು ಊಂ ಅನ್ಬೇಕಲ್ವೇನೆ? ಬೊಂಬೆ ಕುಂತಂಗೆ ಕುಂತವ್ಳೆ. ಪಾಪ, ಮೈಗೇನಾಗಿದ್ದೋ."

ನಾನು ನಕ್ಕುಬಿಟ್ಟೆ. ಅಜ್ಜಿಯ ಹಟ ಅಂದುಕೊಂಡೆ. ಕಾಗದದಲ್ಲಿ "ಮಾತು ಅರ್ಧಕ್ಕೆ ನಿಂತಿತು, ಹನ್ನೆರಡನೆಯ ಸೆಕೆಂಡು" ಎಂದು ಬರೆದು ಕಚೇರಿಗೆ ಹೋದೆ.

*

ಕಚೇರಿಯಲ್ಲಿ ಅದೇ ರೋಗ ದೊಡ್ಡದಾಗಿತ್ತು.

ಗಣಿಯ ಹಳೆಯ ಯಂತ್ರಮನೆಯೇ ನಮ್ಮ ನಿಯಂತ್ರಣ ಕೊಠಡಿ. ಹಿಂದೆ ಜನರನ್ನು ಪಂಜರದಲ್ಲಿ ಕೂರಿಸಿ ಕೆಳಗಿಳಿಸುತ್ತಿದ್ದ ಮನೆಗಾತ್ರದ ಉಕ್ಕಿನ ಚಕ್ರ ಇನ್ನೂ ಅಲ್ಲೇ ಇದೆ, ಅದರ ಕೆಳಗೆ ನಮ್ಮ ಮೇಜುಗಳು. ಅಲೆ ಸಾಗಿಸುವ ವಾಹಿನಿಯ ಎಂಜಿನಿಯರ್ ಸಗಾಯರಾಜ್ ಗೋಡೆಯ ಪರದೆಯ ಮೇಲೆ ಗೆರೆಯೊಂದನ್ನು ತೋರಿಸಿದ. ಅವನೂ ನಮ್ಮೂರವನೇ, ಕ್ವಾರ್ಟರ್ಸಿನಲ್ಲಿ ನಮ್ಮ ಲೈನಿನಿಂದ ಮೂರನೇ ಲೈನು.

"ನೋಡು ರತ್ನಾ. ನೂರು ಕರೆ ಬಂದ್ರೆ ನಲವತ್ತೊಂದು ಅರ್ಧಕ್ಕೆ ನಿಲ್ತದೆ. ಮೀನು ಹಿಡಿಯೋರು, ಡಾಕ್ಟ್ರು, ಪೈಲಟ್ಟು, ಎಲ್ರೂ. ಹತ್ತು ಹನ್ನೆರಡು ಪದ ಬರ್ತದೆ, ಆಮೇಲೆ ಬಾಯಿ ಕಟ್ದಂಗೆ. ಯಂತ್ರ ಸರಿ ಇದೆ, ನನ್ ಮೇಲೆ ಹಾಕ್ಬೇಡ."

ಪದ ಸಾಲದೆಂದು ಇನ್ನೂರು ಪದ ಸೇರಿಸಿದೆವು. ಗೆರೆ ಕದಲಲಿಲ್ಲ, ಅವನ್ನು ಮತ್ತೆ ತೆಗೆದೆವು. ಹನ್ನೆರಡು ದಿನಗಳಲ್ಲಿ ಅವಘಡ ರಕ್ಷಣಾ ಪಡೆಗಳ ಜಾಗತಿಕ ಒಕ್ಕೂಟ ಮಿತೋರವನ್ನು ಒಪ್ಪಬೇಕೇ ಎಂದು ಮತ ಹಾಕಲಿತ್ತು. ಅಷ್ಟರಲ್ಲಿ ಸರಿಹೋಗದಿದ್ದರೆ ಮಿತೋರದ ಕತೆ ಮುಗಿದಂತೆ.

ಆ ಸಂಜೆ ಮನೆಯಲ್ಲಿ, ಏನೂ ತೋಚದೆ, ನನ್ನ ಹಳೆಯ ಧ್ವನಿಮುದ್ರಣಗಳನ್ನು ಹಾಕಿಕೊಂಡು ಕೂತೆ. ಸಂಶೋಧನೆಗೆಂದು ಅಜ್ಜಿಯ ಇನ್ನೂರು ಕತೆಗಳನ್ನು ದಾಖಲಿಸಿದ್ದೆ. ಮಿತೋರವನ್ನು ಕಟ್ಟಿದ ಗಾರೆಯಲ್ಲಿ ಆ ಕತೆಗಳೂ ಇದ್ದವು, ಇನ್ನೂ ಎಂಬತ್ತು ಭಾಷೆಗಳ ಕತೆಗಳೂ ಇದ್ದವು. ಅಂದು ಕೈಗೆ ಬಂದದ್ದು ತಾತನ ಕತೆ. ಅಜ್ಜಿ ಅದನ್ನು ಕತೆಯೆಂದೇ ಹೇಳುತ್ತಿದ್ದಳು, ನಡೆದದ್ದಾದರೂ.

"ಕಲ್ಲು ಸಿಡೀತು. ಐದಾಳು ಒಳ್ಗಡೆ ಸಿಕ್ಕೊಂಡ್ರು. ಒಬ್ಬ ತಮಿಳ್ನೋನು, ಇಬ್ರು ತೆಲುಗ್ನೋರು, ಒಬ್ಬ ಸಾಬಿ, ಒಬ್ಬ ನಮ್ಮೋನು. ಗಾಳಿ ಪೈಪಿಗೆ ಕಲ್ನಾಗೆ ಕುಟ್ತಾವ್ರೆ. ನಿಮ್ತಾತ ಈ ಕಡೆ ಪೈಪಿನ ತಾವ ಕುಂತ. ಅವ್ರು ಒಂದು ಕುಟ್ಟಿದ್ರೆ ಇವ್ನೂ ಒಂದು ಕುಟ್ಟಾದು. ಎಲ್ಡು ದಿನ ಎದ್ದೇ ಇಲ್ಲ. ಇನ್ನೊಬ್ಬ ಕುಂತ್ಕೊತೀನಿ ಅಂದ್ರೂ ಬುಡ್ಲಿಲ್ಲ. ಒರ್ಗಡೆ ಬಂದ್ಮೇಲೆ ಆ ಸಾಬಿ ಅಂದ್ನಂತೆ, ನೀನು ಕುಟ್ಟಾದು ನಿಲ್ಸಿದ್ರೆ ನಾವೂ ನಿಲ್ಸ್ಬುಡ್ತಿದ್ವಿ ಮುನಿವೆಂಕಟಪ್ಪ, ಅಂತ."

ಎಷ್ಟು ಸ್ವಚ್ಛ ದನಿ, ಎಷ್ಟು ನಿಶ್ಶಬ್ದ ಹಿನ್ನೆಲೆ ಎಂದು ಆಗ ಪರೀಕ್ಷಕರು ಹೊಗಳಿದ್ದರು. ಆ ನಿಶ್ಶಬ್ದ ಈಗ ಮೊದಲ ಬಾರಿಗೆ ನನ್ನನ್ನು ಚುಚ್ಚಿತು. ಅಜ್ಜಿ ಗೋಡೆಗೆ ಹೇಳುತ್ತಿದ್ದಂತಿತ್ತು. ಅವಳೆದುರು ಕೂತಿದ್ದ ನಾನೆಲ್ಲಿ?

ಪೆಟ್ಟಿಗೆಯ ತಳದಿಂದ ಗದ್ದಲ ತೊಳೆಯದ ಮೂಲ ಪ್ರತಿಯನ್ನು ಹುಡುಕಿ ಹಾಕಿದೆ. ಇದ್ದೆ. ನಾಲ್ಕೈದು ಸೆಕೆಂಡಿಗೊಮ್ಮೆ ಇದ್ದೆ. "ಹೂಂ." "ಹೂಂ?" "ಹ್ಞೂಂ..." ಕಲ್ಲು ಸಿಡಿದಾಗ ಉಸಿರೆಳೆದ ಹೂಂ, ತಾತ ಕೂತಾಗ ಹೆಮ್ಮೆಯ ಹೂಂ. ಒಂದು ಕಡೆ ನನಗೆ ತೂಕಡಿಕೆ ಬಂದಿರಬೇಕು. ಅಜ್ಜಿಯ ಮಾತು ನಿಧಾನವಾಯಿತು, ಎಳೆಯಿತು, ನಿಂತಿತು. "ಮಲಕ್ಕಂಬುಟ್ಟೇನಮ್ಮಿ?" ನನ್ನ ಕೊನೆಯ ಹೂಂ ಮತ್ತು ಆ ಪ್ರಶ್ನೆಯ ನಡುವೆ ಎಣಿಸಿದೆ. ಹನ್ನೆರಡು ಸೆಕೆಂಡು.

ನಾನೇ ಅವನ್ನೆಲ್ಲ ಅಳಿಸಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಒಂದೊಂದನ್ನೇ ಆರಿಸಿ, ಗದ್ದಲವೆಂದು ಬಿಸಾಡಿ, ಬೀಗಿದ್ದೆ. ಉಳಿದ ಎಂಬತ್ತು ಭಾಷೆಯವರೂ ಅದನ್ನೇ ಮಾಡಿದ್ದರು, ಯಾಕೆಂದರೆ ಹೇಗೆ ತೊಳೆಯಬೇಕೆಂಬ ಸೂಚನೆಯ ಕಾಗದ ಕಳಿಸಿದವಳೂ ನಾನೇ. ಲೋಕದ ಎಲ್ಲ ಅಜ್ಜಿಯರ ಎದುರಿನಿಂದ ಎಲ್ಲ ಮೊಮ್ಮಕ್ಕಳನ್ನು ಎಬ್ಬಿಸಿ ಕಳಿಸಿದೆವು. ಉಳಿದದ್ದರಿಂದ ಒಂದು ಭಾಷೆ ಕಟ್ಟಿದೆವು.

*

"ಬೇಡ," ಎಂದರು ಚೂಡಾಮಣಿ ಮೇಡಂ. "ಇವತ್ತು ಹೂಂ ಅಂತೀರಿ. ನಾಳೆ ಅದು ಉಹೂಂ ಆಗತ್ತೆ, ನಾಳಿದ್ದು ಆದರೆ ಅಂತ ಬಾಯಿ ಹಾಕ್ತಾರೆ. ಬಾಗಿಲು ಒಂದು ಬೆರಳು ತೆಗೆದರೂ ತೆಗೆದ ಹಾಗೇ."

"ಬಾಗಿಲು ತೆಗೆಯೋದಲ್ಲ ಮೇಡಂ. ಹೊರಗಿನಿಂದ ಬಾಗಿಲ ಮೇಲೆ ಒಂದು ಸಲ ತಟ್ಟೋದು. ಪದ ಅಲ್ಲ, ಅಂಕಿ ಇಲ್ಲ, ಅರ್ಥ ಇಲ್ಲ."

"ಅರ್ಥ ಇಲ್ಲದ್ದು ಭಾಷೆಯಲ್ಲಿ ಯಾಕಿರಬೇಕು?"

ಸಗಾಯರಾಜ್ ಹೇಳಿದ: "ಮಾಡಿ ತೋರ್ಸೋಣ ಬಾ."

ಎರಡು ಯಂತ್ರಗಳ ಗಡಿಯಾರ ಒಂದೇ ತಾಳದಲ್ಲಿರಲೆಂದು ಪದ ಪದದ ನಡುವೆ ಕಾಲು ಸೆಕೆಂಡಿನ ಖಾಲಿ ಜಾಗವಿದೆ. ಅಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಸಣ್ಣ ಮಿಡಿತ ಹೋಗುತ್ತದೆ, ಅದು ಯಂತ್ರಕ್ಕೆ ಮಾತ್ರ ತಿಳಿಯುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಮಿಡಿತ ತೂರಿಸಿ ಆಚೆಯ ಯಂತ್ರವನ್ನು ಬದಲಿಸದೆಯೇ ಹೇಳುವವರ ಕಿವಿಗೆ 'ಟುಕ್' ಎಂದು ಕೇಳಿಸುವಂತೆ ಸಗಾಯರಾಜ್ ಮಾಡಿದ. ಒತ್ತಲು ಒಂದು ಗುಂಡಿ. ಮೊದಲು ಅವನು ಜಾಣತನ ತೋರಿಸಿ, ಗುಂಡಿಯೇ ಬೇಡ, ನಾಲ್ಕು ಸೆಕೆಂಡಿಗೊಮ್ಮೆ ತಾನಾಗಿ ಟುಕ್ ಅನ್ನಲಿ ಎಂದು ಬಿಟ್ಟ. ನಮ್ಮಜ್ಜಿಯನ್ನು ಕರೆಸಿ ಕಿವಿಗೆ ಯಂತ್ರ ಹಾಕಿದೆವು.

ಅಜ್ಜಿ ಖುಷಿಯಾಗಿ ಶುರುಮಾಡಿದಳು. ಹನ್ನೆರಡು ಸೆಕೆಂಡು ದಾಟಿದಳು, ಇಪ್ಪತ್ತು ದಾಟಿದಳು. ಸಗಾಯರಾಜ್ ಮೀಸೆ ತಿರುವಿದ. ಆಮೇಲೆ ಅವಳ ಹುಬ್ಬು ಗಂಟಾಯಿತು. ಅದೇ ದನಿಯಲ್ಲಿ ಮಿತೋರದಲ್ಲಿ, "ರಾಜನಿಗೆ ಹಸಿವು. ರಾಜ ಮುದ್ದೆಯನ್ನು ಮದುವೆಯಾದ. ಮುದ್ದೆ ಮರಿ ಹಾಕಿತು," ಅಂದಳು. ಟುಕ್. ಟುಕ್. ಟುಕ್.

ಕಿವಿಯ ಯಂತ್ರವನ್ನು ಕಿತ್ತು ಸಗಾಯರಾಜನ ಮುಂದಿಟ್ಟಳು. "ಏ ರಾಜಾ, ಇದು ಯಾವ್ದೋ ಗಡಿಯಾರ ಕಣಪ್ಪ. ಮುದ್ದೆ ಮರಿ ಆಕಿದ್ರೂ ಊಂ ಅಂತದೆ. ನಿಮ್ಮಪ್ಪ ಸರಿಯಾಗಿದ್ದ, ನಿಂಗೇನ್ ಬಂತು?"

ಗಡಿಯಾರವನ್ನು ತೆಗೆದೆವು. ಗುಂಡಿಯ ಮೇಲೆ ನನ್ನ ಬೆರಳಿಟ್ಟೆ. ನಾನು ಪಕ್ಕದ ಕೋಣೆಯಲ್ಲಿದ್ದೆ, ಅಜ್ಜಿಗೆ ಗೊತ್ತಿರಲಿಲ್ಲ. ಮತ್ತೆ ಮುದ್ದೆ ಮರಿ ಹಾಕಿದಾಗ ನಾನು ಒತ್ತಲಿಲ್ಲ. ಒಂದು ಕ್ಷಣ ಬಿಟ್ಟು, ನಗು ತಡೆಯಲಾರದೆ, ಎರಡು ಸಲ ಬೇಗ ಬೇಗ ಒತ್ತಿದೆ.

"ಇದು ನಮ್ ಗಂಗಿ!" ಅಂದಳು ಅಜ್ಜಿ. ಒಂಬತ್ತು ನಿಮಿಷ ಕತೆ ಹೇಳಿದಳು, ನಿಲ್ಲದೆ.

ಚೂಡಾಮಣಿ ಮೇಡಂ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. "ಒಂದು ಅಜ್ಜಿಯಿಂದ ನಿಯಮ ಬದಲಾಗಲ್ಲ," ಎಂದಷ್ಟೇ ಹೇಳಿ ಹೋದರು. ಆದರೆ ಗುಂಡಿಯನ್ನು ತೆಗೆಯಿರಿ ಎಂದೂ ಹೇಳಲಿಲ್ಲ.

*

ಮತದಾನಕ್ಕೆ ಐದು ದಿನ ಇತ್ತು. ಬೆಳಗ್ಗೆ ಹತ್ತು ಗಂಟೆಗೆ ಕೆಂಪು ದೀಪ ಹತ್ತಿತು.

ಮಧ್ಯ ಏಷ್ಯಾದ ಪಾಮೀರ್ ಬೆಟ್ಟಗಳಲ್ಲಿ ರೈಲು ಸುರಂಗ ಕುಸಿದಿತ್ತು. ಒಳಗೆ ಐದು ದೇಶಗಳ ಏಳು ಜನ. ಅವರಲ್ಲಿ ಮಿತೋರ ಬಲ್ಲವಳು ಒಬ್ಬಳೇ, ಲಿಯೆನ್ ಎಂಬ ಇಪ್ಪತ್ತಾರರ ವಿಯೆಟ್ನಾಮಿ ಹುಡುಗಿ, ಕೊರೆಯುವ ಯಂತ್ರ ನಡೆಸುವವಳು. ಹೊರಗಿದ್ದ ರಕ್ಷಣಾ ಪಡೆಯವರಲ್ಲಿ ಭಾಷೆ ಬಲ್ಲವರಿರಲಿಲ್ಲ. ಹಗಲಿನ ಪಾಳಿ ನಮ್ಮದಾದ್ದರಿಂದ ಕಲ್ಲಿನ ಅಲೆ, ಉಪಗ್ರಹ ಎರಡನ್ನೂ ದಾಟಿ ಕರೆ ನಮ್ಮ ಚಕ್ರದ ಕೆಳಗೆ ಬಂತು.

ರಕ್ಷಣಾ ಪಡೆಗೆ ಬೇಕಾದದ್ದು ಒಂದೇ. ಬೆಟ್ಟದ ಮೇಲಿನಿಂದ ಒಂದೇ ಒಂದು ರಂಧ್ರ ಕೊರೆಯಲು ಸಮಯವಿದೆ, ಎಲ್ಲಿ ಕೊರೆಯಬೇಕು? ಕುಸಿದಾಗ ಇವರು ಯಾವ ಕಡೆ ಓಡಿದರು, ಎಷ್ಟು ಅಡ್ಡದಾರಿ ದಾಟಿದರು, ನೀರು ಎತ್ತಲಿಂದ ಏರುತ್ತಿದೆ, ಎಲ್ಲವನ್ನೂ ಅವಳು ಹೇಳಬೇಕು. ತುಂಡು ತುಂಡಾಗಿ ಕೇಳುವ ಹಾಗಿಲ್ಲ. ಅಷ್ಟು ದಪ್ಪ ಕಲ್ಲಿನಲ್ಲಿ ಮಾತಿನ ಬಾಗಿಲು ಒಂದು ಕಡೆಯಿಂದ ಇನ್ನೊಂದು ಕಡೆ ತಿರುಗಲು ಒಂದೂವರೆ ನಿಮಿಷ, ಪ್ರತಿ ಸಲ ತಿರುಗಿದಾಗಲೂ ಅವಳ ಬ್ಯಾಟರಿ ಹಿಡಿ ಹಿಡಿಯಾಗಿ ಕರಗುತ್ತದೆ. ಒಂದೇ ಉಸಿರಿನಲ್ಲಿ ಬರಬೇಕು.

"ನಾವು ಏಳು. ಒಬ್ಬ ಮಲಗಿದ್ದಾನೆ. ನೀರು ಇದೆ. ನಾವು ಓಡಿದೆವು. ಮೊದಲು..."

ನಿಂತಿತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಸೆಕೆಂಡು.

ಕಾದೆವು. ಅವಳು "ತಾ" ಎನ್ನದೆ ಬಾಗಿಲು ತಿರುಗುವುದಿಲ್ಲ. ನಾಲ್ಕು ನಿಮಿಷದ ಮೇಲೆ ಮತ್ತೆ ಬಂದಳು. "ಯಾರು ಇದ್ದೀರಿ. ನಾವು ಏಳು. ನೀರು ಇದೆ..." ಮತ್ತೆ ನಿಂತಳು. ಮೂರನೆಯ ಸಲ ಬರೀ "ಯಾರು ಇದ್ದೀರಿ. ತಾ." ಬಾಗಿಲು ತಿರುಗಿತು. "ನಾವಿದ್ದೇವೆ, ಓಡಿದ ದಾರಿ ಹೇಳು, ಪೂರ್ತಿ ಹೇಳು, ಕೇಳುತ್ತೇವೆ, ತಾ" ಎಂದು ಕಳಿಸಿದೆವು. ಬಾಗಿಲು ಮತ್ತೆ ತಿರುಗಿತು. ಬ್ಯಾಟರಿ ಮೂರರಲ್ಲಿ ಒಂದು ಪಾಲು ಹೋಗಿತ್ತು. ಅವಳು ಹೇಳತೊಡಗಿದಳು, ಅವಳ ಮೊದಲ ಪದಗಳು ಬೀಳುತ್ತಿದ್ದಂತೆ ನನಗೆ ಗೊತ್ತಾಯಿತು, ಇದೂ ನಿಲ್ಲುತ್ತದೆ. ಕತ್ತಲಲ್ಲಿ, ಮೊಣಕಾಲು ನೀರಲ್ಲಿ, ಏನೂ ಮರುನುಡಿಯದ ಕಲ್ಲಿಗೆ ಯಾರು ಎಷ್ಟು ಹೊತ್ತು ಮಾತಾಡಿಯಾರು?

"ಮೇಡಂ, ಗುಂಡಿ."

ಸಗಾಯರಾಜ್ ತಲೆ ಎತ್ತಲಿಲ್ಲ. "ಹೇಳ್ಬಿಡ್ತೀನಿ. ನಮ್ ಶಾಫ್ಟಲ್ಲಿ ನಡೀತು. ಅಲ್ಲಿ ಕಲ್ಲು ಬೇರೆ. ಮಿಡಿತ ಪಕ್ಕಕ್ಕೆ ಜಾರಿದ್ರೆ ಗಡಿಯಾರ ತಪ್ತದೆ. ತಪ್ಪಿದ್ರೆ ಮತ್ತೆ ಕೂಡ್ಸೋಕೆ ನಲವತ್ತು ನಿಮಿಷ. ಅಷ್ಟು ಬ್ಯಾಟ್ರಿ ಇಲ್ಲ."

"...ಎಡಕ್ಕೆ ಓಡಿದೆವು. ಬಾಗಿಲು ಒಂದು ದಾಟಿದೆವು..." ಒಂಬತ್ತು ಸೆಕೆಂಡು.

ಚೂಡಾಮಣಿ ಮೇಡಂ ನನ್ನ ಮುಖ ನೋಡಿದರು. ತಮ್ಮ ನಿಯಮವನ್ನಲ್ಲ, ಏಳು ಜನರನ್ನು ನನ್ನ ಕೈಗೆ ಕೊಡಬೇಕಾದ ನೋಟ ಅದು. "ಖಚಿತಾನಾ ನಿನಗೆ?"

"ಹೂಂ," ಎಂದೆ.

"ಒತ್ತು."

ಒತ್ತಿದೆ.

ಪರದೆಯ ಮೇಲೆ ಅಲೆಯ ಗೆರೆ ನಡುಗಿತು. ಗೆರೆ ಮತ್ತೆ ನೇರವಾಯಿತು. ಗಡಿಯಾರ ತಪ್ಪಿರಲಿಲ್ಲ. ಕಲ್ಲಿನ ಕೆಳಗೆ, ಲಿಯೆನ್ ಎಂಬ ಹುಡುಗಿಯ ಕಿವಿಯಲ್ಲಿ, ಒಂದು ಸಣ್ಣ ಟುಕ್.

ಅವಳು ತಡೆದಳು. ಹನ್ನೆರಡು. ಹದಿಮೂರು. ಹದಿನಾಲ್ಕು.

"ಬಾಗಿಲು ಎರಡು ದಾಟಿದೆವು," ಎಂದಳು.

ಟುಕ್.

"ಎರಡರ ನಂತರ ಬಲ. ನೂರ ಹತ್ತು ಹೆಜ್ಜೆ. ನಾನು ಎಣಿಸಿದೆ."

ಟುಕ್. ಎಣಿಸಿದ್ದಾಳೆ, ಜಾಣೆ! ಟುಕ್ ಟುಕ್.

"ನೀರು ಹಿಂದಿನಿಂದ. ಮುಂದೆ ಕಲ್ಲು ಎತ್ತರ. ನಾವು ಎತ್ತರದ ಮೇಲೆ. ಮಲಗಿದವನ ಹೆಸರು ದಾವ್ಲತ್. ಅವನಿಗೆ ಚಳಿ..."

ಒಂದು ನಿಮಿಷ ನಲವತ್ತು ಸೆಕೆಂಡು ಅವಳು ನಿಲ್ಲಲಿಲ್ಲ. ಅವಳು ಹೇಳುತ್ತಿದ್ದ ಹಾಗೆಯೇ ಚೂಡಾಮಣಿ ಮೇಡಂ ನಕ್ಷೆಯ ಮೇಲೆ ಗೆರೆ ಎಳೆದರು. ಅವಳು ಬಾಗಿಲು ಎಂದದ್ದು ಅಡ್ಡದಾರಿಗೆ. ಎರಡನೆಯ ಅಡ್ಡದಾರಿ, ಬಲಕ್ಕೆ, ನೂರ ಹತ್ತು ಹೆಜ್ಜೆ. ರಕ್ಷಣಾ ಪಡೆಯವರು ಅಂದಾಜಿನ ಮೇಲೆ ಯಂತ್ರ ಹೂಡಿದ್ದು ಎಡಗಡೆಗೆ. ಹತ್ತೂ ಮುಕ್ಕಾಲಿಗೆ ಅದನ್ನು ಎಬ್ಬಿಸಿ ಬಲಗಡೆಗೆ ಹೂಡಿದರು.

ಕೊರೆತ ಮುಟ್ಟಲು ಆರೂವರೆ ಗಂಟೆ ಕಾಲ ಬೇಕೆಂದರು. ಲಿಯೆನ್ "ತಾ" ಅನ್ನಲಿಲ್ಲ. "ತಾ" ಎಂದುಬಿಟ್ಟರೆ ಬಾಗಿಲು ತಿರುಗಬೇಕು, ಬ್ಯಾಟರಿ ಕರಗಬೇಕು; ಸುಮ್ಮನೆ ಮಾತಾಡುತ್ತಿದ್ದರೆ ಖರ್ಚು ಕಡಿಮೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೂ ನಿಲ್ಲಿಸುತ್ತಿರಲಿಲ್ಲ ಎನಿಸುತ್ತದೆ. ಜೊತೆಯವರ ಹೆಸರು ಹೇಳಿದಳು, ಯಾರ ಬಳಿ ಎಷ್ಟು ಬ್ರೆಡ್ಡಿದೆ ಹೇಳಿದಳು, ತನ್ನೂರಿನ ನದಿಯ ಬಣ್ಣ ಹೇಳಿದಳು. ಒಂಬೈನೂರು ಪದಗಳಲ್ಲಿ ಒಂದು ಊರನ್ನು ಅಷ್ಟು ಚೆನ್ನಾಗಿ ಕಟ್ಟಬಹುದೆಂದು ಅವನ್ನು ಆರಿಸಿದ ನನಗೇ ತಿಳಿದಿರಲಿಲ್ಲ.

ಮಧ್ಯಾಹ್ನ ನನ್ನ ಬೆರಳು ಮರಗಟ್ಟಿತು. ಸಗಾಯರಾಜ್ ಯಾರಿಗೋ ಫೋನ್ ಮಾಡಿದ. ಅರ್ಧ ಗಂಟೆಯಲ್ಲಿ ಅಜ್ಜಿ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಕುರ್ಚಿಯಲ್ಲಿ ಕೂತಳು.

"ಎಲ್ಲಾ ಮಾತೂ ಅರ್ಥ ಆಗುತ್ತಾ ಅಜ್ಜಿ?"

"ಆದೊಷ್ಟು ಆಯ್ತದೆ. ನೀನು ಓಗಿ ಉಣ್ಣು." ತಾತ ಪೈಪಿನ ಬಳಿ ಹೇಗೆ ಕೂತಿದ್ದನೋ ನಾನು ನೋಡಿಲ್ಲ. ಈಗ ನೋಡಿದೆ ಅನ್ನಿಸಿತು.

ಸಂಜೆ ಐದರ ಹೊತ್ತಿಗೆ ಲಿಯೆನ್ ಹೇಳಲು ಬೇರೇನೂ ಇಲ್ಲದೆ ಕತೆ ಹಿಡಿದಳು. ಅವಳ ದನಿಯಲ್ಲ, ಯಂತ್ರದ ದನಿ. ಆದರೂ ಪದಗಳು ತೂಗಾಡುತ್ತ ಬರುವುದನ್ನು ಕೇಳಿದರೆ ಸುಸ್ತು ತಿಳಿಯುತ್ತಿತ್ತು. "ನನ್ನ ಅಜ್ಜಿಯ ಕತೆ. ಒಂದು ಆಮೆ. ಆಮೆಯ ಬೆನ್ನ ಮೇಲೆ ಮನೆ. ಮನೆ ಭಾರ. ಆಮೆ ಮನೆ ಬಿಟ್ಟು ಹೊರಟಿತು."

ನಮ್ಮಜ್ಜಿಯ ಕಣ್ಣರಳಿತು. ಟುಕ್.

"ದಾರಿಯಲ್ಲಿ ಮಳೆ. ದಾರಿಯಲ್ಲಿ ಹದ್ದು. ಆಮೆ ನದಿಗೆ ಬಂತು. ನದಿ ಕೇಳಿತು, ನೀನು ಯಾರು..."

ಅಷ್ಟರಲ್ಲಿ ಕೊರೆತ ಒಳಗೆ ಮುಟ್ಟಿತು. ಪದಗಳೆಲ್ಲ ಒಟ್ಟಿಗೆ ಬಂದವು, "ಬೆಳಕು ಬೆಳಕು ಗಾಳಿ ದಾವ್ಲತ್ ಬೆಳಕು". ಆಮೇಲೆ ಅಲೆ ಕಡಿದುಹೋಯಿತು. ಆರೂ ಹತ್ತಕ್ಕೆ ಏಳು ಜನವೂ ಮೇಲೆ ಬಂದ ಸುದ್ದಿ ಸಿಕ್ಕಿತು. ಸಗಾಯರಾಜ್ ಉಕ್ಕಿನ ಚಕ್ರಕ್ಕೆ ಹಣೆ ಹಚ್ಚಿ ಅತ್ತ. ಚೂಡಾಮಣಿ ಮೇಡಂ ಅಜ್ಜಿಗೆ ಕಾಫಿ ತಂದುಕೊಟ್ಟರು. ಅಜ್ಜಿ ಲೋಟ ಮುಟ್ಟದೆ ಗೊಣಗುತ್ತಿದ್ದಳು: "ಆಮೆ ಏನಾಯ್ತು? ಕತೆ ಅರ್ದಕ್ಕೆ ಬುಟ್ರೆ ಯೋಳ್ದೋರ್ಗೂ ಒಳ್ಳೇದಲ್ಲ, ಕೇಳ್ದೋರ್ಗೂ ಅಲ್ಲ."

*

ನಾಲ್ಕನೆಯ ನಿಯಮವನ್ನು ಚೂಡಾಮಣಿ ಮೇಡಂ ತಾವೇ ಹೊಸದಾಗಿ ಬರೆದು ಒಕ್ಕೂಟಕ್ಕೆ ಕಳಿಸಿದರು. "ಹೇಳುವವರ ಮಾತನ್ನು ಯಾರೂ ಕಡಿಯಬಾರದು. ಹೇಳುವವರನ್ನು ಯಾರೂ ಒಂಟಿಯಾಗಿ ಬಿಡಲೂಬಾರದು." ಮತ ಬಿತ್ತು, ಮಿತೋರ ಗೆದ್ದಿತು. ಅಂಕಿಯಿಲ್ಲದ ಆ ಒಂದು ಮಿಡಿತ ಈಗ ಎಲ್ಲ ಯಂತ್ರದಲ್ಲೂ ಇದೆ. ಅರ್ಧಕ್ಕೆ ನಿಲ್ಲುವ ಕರೆ ನೂರಕ್ಕೆ ಎರಡು.

ಆದರೆ ಗೆದ್ದದ್ದು ನನಗೆ ಮನದಟ್ಟಾದದ್ದು ಮತದ ದಿನವಲ್ಲ, ಅದಾದ ಮೂರನೆಯ ದಿನ. ಆಸ್ಪತ್ರೆಯಿಂದ ಲಿಯೆನ್ ಕರೆ ಮಾಡಿದಳು. ಪರದೆಯ ಮೇಲೆ ಮೊದಲ ಬಾರಿಗೆ ಮುಖ ಕಂಡಿತು: ಕತ್ತರಿಸಿದ ಕೂದಲು, ಕೆನ್ನೆಯ ಮೇಲೆ ಪಟ್ಟಿ, ಹಿಂದೆ ಮಂಚದಲ್ಲಿ ಎದ್ದು ಕೂತು ಕೈ ಬೀಸುತ್ತಿದ್ದ ಗಡ್ಡದ ದಾವ್ಲತ್. ಅವಳು ಯಾರ ಉಪಕಾರವನ್ನೂ ನೆನೆಯಲಿಲ್ಲ. ನೇರವಾಗಿ ಕೇಳಿದಳು, ಮಿತೋರದಲ್ಲಿ: "ಕೊನೆಯಲ್ಲಿ ಟುಕ್ ಅಂದವರು ಯಾರು? ಅವರಿಗೆ ಆಮೆಯ ಉಳಿದ ಕತೆ ಹೇಳಬೇಕು. ತಾ."

ಅಜ್ಜಿಯನ್ನು ಎಳೆದು ತಂದು ಕೂರಿಸಿದೆ. ಅವಳು ಲಿಯೆನ್‌ಳನ್ನು ನೋಡಿದಳು. ಲಿಯೆನ್‌ಳ ಕಿಟಕಿಯಾಚೆ ಹಿಮದ ಬೆಟ್ಟದ ಮೇಲೆ ಬಿಸಿಲು ಹೊಳೆಯುತ್ತಿತ್ತು. ನಮ್ಮ ಕಿಟಕಿಯಾಚೆ ಬೂದು ಗುಡ್ಡದ ಮೇಲೂ ಬಿಸಿಲು. ನಾನು ಪೇಚಿಗೆ ಸಿಕ್ಕಿದೆ.

"ಅಜ್ಜಿ, ಎರಡೂ ಕಡೆ ಹಗಲು."

ಅಜ್ಜಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಯೋಳ್ಳಿ ಬುಡು. ದಾರಿ ತಪ್ಪಿದ್ದೋರೆಲ್ಲ ಮನೆ ಸೇರ್ಕೊಂಡವ್ರೆ."

ಮತ್ತೆ ಗುಂಡಿಯ ಮೇಲೆ ಬೆರಳಿಟ್ಟಳು.

ಟುಕ್.